ಮೂಗಿಗೆ ಒಗ್ಗಿದ ಮಾತ್ರಕ್ಕೆ

ಮಗೂ,

ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂತು. ‘ಕ್ಲೋರ್‌ಪೈರಿಫಾಸ್ ಕೀಟನಾಶಕದ ವಿಭಾಗಕ್ಕೆ ಹಾಕಿದ್ದಾರೆ, ಮೊದಮೊದಲು ವಾಸನೆಗೆ ತಲೆ ಸಿಡಿಯುತ್ತಿತ್ತು, ಈಗ ಅಭ್ಯಾಸವಾಗಿಬಿಟ್ಟಿದೆ’ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಅಭ್ಯಾಸವಾಗಿರುವುದು ಮೂಗಿಗೆ. ಯಕೃತ್ತಿಗೆ ಹೋದ ಮೇಲೆ ಆ ಕೀಟನಾಶಕದ ಗಂಧಕ ಕಳಚಿ ಆಮ್ಲಜನಕ ಸೇರಿಕೊಳ್ಳುತ್ತದೆ. ಹಾಗೆ ಹುಟ್ಟಿದ ಆಕ್ಸಾನ್ ಎಂಬ ವಿಷ, ನರಗಳ ಸಂದೇಶವನ್ನು ಸಮಯಕ್ಕೆ ನಿಲ್ಲಿಸುವ ಅಸೆಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವಕ್ಕೆ ಅಂಟಿ ಕೂರುತ್ತದೆ. ಒಮ್ಮೆಲೇ ಹೆಚ್ಚು ಸೇರಿದರೆ ಜೊಲ್ಲು, ಬೆವರು, ಕಿರಿದಾದ ಕಣ್ಣಪಾಪೆ, ಸ್ನಾಯುಗಳ ಅದುರು, ಯಾರ ಕಣ್ಣಿಗಾದರೂ ಬೀಳುತ್ತದೆ. ನನ್ನ ಹೆದರಿಕೆ ಅದಲ್ಲ. ದಿನಾ ಇಷ್ಟಿಷ್ಟೇ ಒಳಹೋದರೆ ಕಿಣ್ವ ಸದ್ದಿಲ್ಲದೆ ಇಳಿಯುತ್ತದೆ, ಮನುಷ್ಯ ಮಾತ್ರ ಚೆನ್ನಾಗಿಯೇ ಓಡಾಡುತ್ತಿರುತ್ತಾನೆ. ಈ ಕಿಣ್ವ ರಕ್ತದಲ್ಲೂ ಇದೆ, ಆದರೆ ಕೆಂಪು ರಕ್ತಕಣ ಹೊಸ ಕಿಣ್ವ ತಯಾರಿಸಲಾರದು, ಹೊಸ ಕಣವೇ ಹುಟ್ಟಬೇಕು. ದಿನಕ್ಕೆ ಸುಮಾರು 1%ರಷ್ಟು ಮಾತ್ರ ತುಂಬಿಕೊಳ್ಳುತ್ತದೆ. ಹೋದ ವಾರದ್ದು ತೀರುವ ಮೊದಲೇ ಈ ವಾರದ್ದು ಸೇರಿಕೊಂಡರೆ?

ನಾನು ದುಡಿದ ಕಡೆ ಪ್ಯಾರಾಥಿಯಾನ್ ಎಂಬ ಇದೇ ಜಾತಿಯ ಕೀಟನಾಶಕ ಇತ್ತು, ಇದಕ್ಕಿಂತ ಎಷ್ಟೋ ಉಗ್ರ. ನಮ್ಮ ರಕ್ತವನ್ನು ಯಾರೂ ನೋಡುತ್ತಿರಲಿಲ್ಲ. ಜೊತೆಯಲ್ಲಿದ್ದ ಹುಡುಗನೊಬ್ಬ ವಾರಗಟ್ಟಲೆ ತಲೆನೋವು, ಕಣ್ಣು ಮಂಜು ಎನ್ನುತ್ತಿದ್ದ. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂತ ಅವನೇ ಸಮಾಧಾನ ಮಾಡಿಕೊಂಡಿದ್ದ. ಒಂದು ಸಂಜೆ ಸೋರಿದ ಡ್ರಮ್ಮು ಒರೆಸಿದೆವು, ನಮಗೇನೂ ಆಗಲಿಲ್ಲ, ಅವನು ಬಿದ್ದ. ಅಟ್ರೋಪಿನ್ ಎಂಬ ಪ್ರತಿವಿಷ ಕೊಟ್ಟು ಉಳಿಸಿಕೊಂಡರು. ಚೇತರಿಸಿಕೊಂಡ ಎಂದು ನಾವು ಉಸಿರು ಬಿಡುವಷ್ಟರಲ್ಲಿ, ಮೂರನೆಯ ದಿನ ಅವನಿಗೆ ಕತ್ತು ಎತ್ತಲಾಗಲಿಲ್ಲ. ಉಸಿರಾಟಕ್ಕೆ ಯಂತ್ರ ಹಾಕಬೇಕಾಯಿತು. ಬದುಕಿದ, ಆದರೆ ಕೆಲಸಕ್ಕೆ ಮರಳಲಿಲ್ಲ. ಮೊದಲೇ ಒಮ್ಮೆ ಅವನ ರಕ್ತ ಪರೀಕ್ಷೆ ಆಗಿದ್ದಿದ್ದರೆ ಎಂಬ ಕೊರಗು ನನಗೆ ಇಂದಿಗೂ ಹೋಗಿಲ್ಲ. ಅವನೂ ಅಭ್ಯಾಸವಾಗಿದೆ ಎನ್ನುತ್ತಿದ್ದ, ಮಗೂ.

ನಿನ್ನ ವಿಭಾಗದ್ದು ಅಷ್ಟು ಉಗ್ರವಲ್ಲ ಎಂದು ನೀನು ಹೇಳಬಹುದು. ಇದೇ ಜಾತಿಯ ಮ್ಯಾಲಾಥಿಯಾನ್ ಇನ್ನೂ ಸೌಮ್ಯ. ಆದರೂ 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ತಡೆಗೆ ಅದನ್ನು ಸಿಂಪಡಿಸುತ್ತಿದ್ದವರಲ್ಲಿ ಸುಮಾರು 2,800 ಜನ ಅಸ್ವಸ್ಥರಾದರು, ಐವರು ತೀರಿಕೊಂಡರು. ದಾಸ್ತಾನಿನಲ್ಲಿ ಐಸೊಮ್ಯಾಲಾಥಿಯಾನ್ ಎಂಬ ಕಲ್ಮಶ ಬೆಳೆದಿತ್ತು. ದೇಹ ಮ್ಯಾಲಾಥಿಯಾನನ್ನು ಒಡೆದುಹಾಕುವ ದಾರಿಯನ್ನೇ ಅದು ಕಟ್ಟಿಹಾಕಿತು.

ನಿನಗೆ ಬುದ್ಧಿ ಹೇಳುವಷ್ಟು ಓದಿದವನಲ್ಲ ನಾನು, ಬೇಸರ ಮಾಡಿಕೊಳ್ಳಬೇಡ. ಕೋಲಿನ್‌ಎಸ್ಟರೇಸ್ ಪರೀಕ್ಷೆ ಕೇಳು, ಅಂದರೆ ರಕ್ತದಲ್ಲಿ ಈ ಬಗೆಯ ಕಿಣ್ವ ಎಷ್ಟಿದೆ ಎಂದು ಅಳೆಯುವುದು, ಕೆಂಪುಕಣದ್ದೂ ಪ್ಲಾಸ್ಮಾದ್ದೂ (ರಕ್ತದ ದ್ರವಭಾಗದ್ದು) ಎರಡೂ. ಕೆಲಸಕ್ಕೆ ಸೇರುವ ಮುಂಚಿನ ನಿನ್ನ ಸ್ವಂತ ಮಟ್ಟ ಗೊತ್ತಿಲ್ಲದಿದ್ದರೆ ಅಂಕಿ ನೋಡಿ ಹೆಚ್ಚೇನೂ ಹೇಳಲಾಗದು, ಹಾಗಾಗಿ ಒಂದು ತಿಂಗಳಾದರೂ ಆ ವಿಷದಿಂದ ದೂರವಿದ್ದು ಅಳೆಸಿಕೊಳ್ಳಲು ಆದೀತೇ? ಕ್ಯಾಲಿಫೋರ್ನಿಯಾದಲ್ಲಿ ಕೆಂಪುಕಣದ ಕಿಣ್ವ ಮೂಲಮಟ್ಟದ 70%ಕ್ಕೆ ಇಳಿದರೆ ಕೆಲಸಗಾರನನ್ನು ಅಲ್ಲಿಂದ ಸರಿಸಲೇಬೇಕು. ರಜೆ ಕೇಳುವುದು ನಿನಗೆ ಕಷ್ಟ ಎಂದು ಬಲ್ಲೆ.

ಮತ್ತೊಂದು, ಚರ್ಮದ ಬೂಟು, ಬೆಲ್ಟು ಬೇಡ. ಅವು ಹೀರಿಕೊಂಡಿದ್ದು ತೊಳೆದರೂ ಹೋಗುವುದಿಲ್ಲ. ಮೈಮೇಲೆ ಚೆಲ್ಲಿದರೆ ಬಟ್ಟೆ ಆ ಕ್ಷಣವೇ ಬಿಚ್ಚು, ಸೋಪು ಹಚ್ಚಿ ತೊಳೆ. ಅದು ಬರೀ ನೀರಿಗೆ ಕರಗುವ ಪದಾರ್ಥವಲ್ಲ. ವಾಸನೆ ಬರುತ್ತಿಲ್ಲ ಎಂದು ಮುಖಗವಸು ತೆಗೆಯಬೇಡ. ಮತ್ತೆ ಅದೇ ಮಾತಿಗೆ ಬಂದೆ ನೋಡು.

ಪರೀಕ್ಷೆಯ ಅಂಕಿ ಬಂದ ಕೂಡಲೇ ಬರೆದು ತಿಳಿಸು.

ನಿನ್ನ ದೊಡ್ಡಪ್ಪ