ಬಾಯ್ಲರಿಗೆ ಬೀಳುವ ಮರದ ಗಂಟು

ಮಾನ್ಯರೇ,

ಪೈನ್ ತೊಗಟೆಯ ಸಾರ ಎಂದೊಡನೆ ಮಾತ್ರೆಯ ಡಬ್ಬಿಯೇ ಕಣ್ಣೆದುರು ಬರುವಷ್ಟು ಅದರ ಪ್ರಚಾರ ನಡೆದಿದೆ. ಈ ಭರಾಟೆಯಲ್ಲಿ ಆ ವಸ್ತು ಮರದ ಯಾವ ಭಾಗದಲ್ಲಿರುತ್ತದೆ, ಅಲ್ಲಿ ಅದಕ್ಕೇನು ಕೆಲಸ, ಅದರಲ್ಲಿ ಎಷ್ಟು ಪಾಲು ಸುಮ್ಮನೆ ಬೆಂಕಿಗೆ ಆಹುತಿಯಾಗುತ್ತಿದೆ ಎಂಬುದನ್ನು ಯಾರೂ ಹೇಳದಿರುವುದರಿಂದ ಈ ಪತ್ರ.

ಸ್ಪ್ರೂಸ್, ಪೈನ್, ಲಾರ್ಚ್ ಮೊದಲಾದ ಸೂಚಿಪರ್ಣಿ ಮರಗಳು ನಿಂತ ಜಾಗ ಬಿಡದೆ ದಶಕಗಟ್ಟಲೆ ಶಿಲೀಂಧ್ರ, ಕೀಟಗಳನ್ನು ತಡೆದುಕೊಳ್ಳಬೇಕು. ಆ ರಕ್ಷಣೆಗೆ ಅವು ತಯಾರಿಸಿಕೊಳ್ಳುವ ಫೀನಾಲ್ ಎಂಬ ವರ್ಗದ ಸಂಯುಕ್ತಗಳಲ್ಲಿ ಹಲವು ಒಳ್ಳೆಯ ಆ್ಯಂಟಿಆಕ್ಸಿಡೆಂಟ್‌ಗಳೂ ಹೌದು, ಅಂದರೆ ಆಮ್ಲಜನಕ ತಾಗಿ ವಸ್ತು ಕೆಡುವುದನ್ನು ತಡೆಯುವಂಥವು. ಇವು ಮರದ ತುಂಬ ಸಮನಾಗಿ ಹರಡಿರುವುದಿಲ್ಲ. ಕೊಂಬೆಯ ಬುಡ ಕಾಂಡದೊಳಗೆ ಹುದುಗಿ ಉಂಟಾಗುವ ಗಂಟನ್ನು, ಉಳಿ ಓಡದ ಕಾರಣ, ಬಡಗಿಗಳು ಶಪಿಸುವುದೇ ಹೆಚ್ಚು. ಆದರೆ ಫಿನ್‌ಲೆಂಡಿನ ತುರ್ಕು ನಗರದ ಓಬೊ ಅಕಾಡೆಮಿ ವಿಶ್ವವಿದ್ಯಾಲಯದಲ್ಲಿ ಬ್ಯಾರ್ನೆ ಹೋಲ್ಮ್‌ಬೊಮ್ ಮತ್ತು ಸಂಗಡಿಗರು ನಾರ್ವೆ ಸ್ಪ್ರೂಸ್ ಮರದ ಗಂಟುಗಳನ್ನು ಪರೀಕ್ಷಿಸಿದಾಗ, ತೂಕದ ಸುಮಾರು ಶೇ 10ರಷ್ಟು, ಕೆಲವದರಲ್ಲಿ ಶೇ 20ಕ್ಕೂ ಮಿಕ್ಕಿ, ಲಿಗ್ನಾನ್ ಎಂಬ ಬಗೆಯ ಫೀನಾಲ್‌ಗಳು ಸಿಕ್ಕವು. ಅದೇ ಕಾಂಡದಲ್ಲಿ ಗಂಟಿನ ಪಕ್ಕದ ಸಾಮಾನ್ಯ ಭಾಗದಲ್ಲಿ ಅವು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಗಂಟನ್ನು ಬೇರ್ಪಡಿಸಲು ಅವರು ಹಿಡಿದ ದಾರಿಯೂ ಸರಳ. ಒಣಗಿಸಿದ ಚಕ್ಕೆಗಳನ್ನು ನೀರಿಗೆ ಸುರಿದರೆ ಹಗುರಾದ ಮರ ತೇಲುತ್ತದೆ, ಭಾರದ ಗಂಟು ತಳ ಸೇರುತ್ತದೆ.

ಆಮೇಲಿನ ಕೆಲಸಕ್ಕೆ ತಾಳ್ಮೆ ಬೇಕು. ಪುಡಿ ಮಾಡಿದ ಗಂಟಿನಿಂದ ಮೊದಲು ಹೆಕ್ಸೇನ್‌ನಂಥ ದ್ರಾವಕದಲ್ಲಿ ರಾಳ ಮತ್ತು ಕೊಬ್ಬಿನ ಅಂಶವನ್ನು ತೊಳೆದು ತೆಗೆದು, ಅನಂತರ ನೀರು ಬೆರೆಸಿದ ಎಥನಾಲ್ ಅಥವಾ ಅಸಿಟೋನ್‌ನಲ್ಲಿ ಫೀನಾಲ್‌ಗಳನ್ನು ಇಳಿಸಿಕೊಳ್ಳುತ್ತಾರೆ. ತೊಗಟೆಗೆ ಬಿಸಿನೀರೂ ಸಾಕಾಗುತ್ತದೆ, ಆದರೆ ಅದರ ಜೊತೆಗೆ ಟ್ಯಾನಿನ್ ಎಂಬ ಒಗರು ಅಂಶ ಮತ್ತು ಸಕ್ಕರೆಗಳೂ ಹರಿದುಬರುತ್ತವೆ. ಸ್ಪ್ರೂಸ್ ತೊಗಟೆಯ ಸ್ಟಿಲ್ಬೀನ್ ಎಂಬ ಫೀನಾಲ್‌ಗಳಂತೂ ಬೆಳಕು ತಾಗಿದರೆ ಕೆಡುತ್ತವೆ. ದಿಮ್ಮಿಗಳು ಅಂಗಳದಲ್ಲಿ ಮಳೆಗೆ ನೆನೆಯುತ್ತ ಬಿದ್ದಷ್ಟೂ ನೀರಿನಲ್ಲಿ ಕರಗುವ ಅಂಶ ತೊಳೆದುಹೋಗುತ್ತದೆ. ಹಾಗಾಗಿ ತೊಗಟೆ ಸುಲಿದ ಬೆನ್ನಿಗೇ ಈ ಕೆಲಸ ನಡೆಯಬೇಕು. ಈಗ ಹೆಚ್ಚಿನ ಕಾಗದ ಕಾರ್ಖಾನೆಗಳಲ್ಲಿ ಆ ತೊಗಟೆ ನೇರವಾಗಿ ಬಾಯ್ಲರಿಗೆ ಹೋಗುತ್ತಿದೆ. ಸಾರ ತೆಗೆದ ಮೇಲೂ ಅದನ್ನು ಹಿಂಡಿ, ಒಣಗಿಸಿ ಉರಿಸಬಹುದು. ಒಣಗಿಸುವ ಖರ್ಚು ಮಾತ್ರ ಹೆಚ್ಚುವರಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. (ಪೈನ್ ಮರದ ಚೇಗಿನಲ್ಲಿರುವ ಪಿನೊಸಿಲ್ವಿನ್ ಎಂಬ ಇಂಥದೇ ವಸ್ತುವನ್ನು ಕಾಗದ ತಯಾರಕರು ಗುರುತಿಸಿದ್ದು ತಲೆನೋವಾಗಿ: ಅದು ಮರದ ನಾರುಗಳನ್ನು ಬೆಸೆಯುವ ಲಿಗ್ನಿನ್‌ಗೆ ಅಂಟಿಕೊಂಡು, ತಿರುಳು ತಯಾರಿಸುವ ಸಲ್ಫೈಟ್ ವಿಧಾನದಲ್ಲಿ ಮರ ಬೇಯದಂತೆ ತಡೆಯುತ್ತಿತ್ತು.)

ಇನ್ನು ಆರೋಗ್ಯದ ಮಾತು. ಪ್ರಯೋಗಾಲಯದಲ್ಲಿ ಆ್ಯಂಟಿಆಕ್ಸಿಡೆಂಟ್ ಗುಣವನ್ನು ಅಳೆಯಲು ಬಳಸುವ ಡಿಪಿಪಿಎಚ್ ಎಂಬ ಕಡು ನೇರಳೆ ದ್ರಾವಣಕ್ಕೆ ಈ ಸಾರದ ನಾಲ್ಕು ಹನಿ ಬಿಟ್ಟರೆ ಬಣ್ಣ ಮಾಸಿ ತಿಳಿ ಹಳದಿಯಾಗುತ್ತದೆ. ನೋಡಲು ಚೆಂದ. ಆದರೆ ಗಾಜಿನ ನಳಿಕೆಯಲ್ಲಿ ಬಣ್ಣ ಬದಲಾದದ್ದು, ಜಠರ ಮತ್ತು ಯಕೃತ್ತನ್ನು ದಾಟಿ ರಕ್ತ ಸೇರಿದ ಮೇಲೆ ಅದೇ ವಸ್ತು ಏನು ಮಾಡುತ್ತದೆ ಎಂಬುದಕ್ಕೆ ಸಾಕ್ಷಿಯಾಗದು. ಪೈನ್ ತೊಗಟೆ ಸಾರದ ಕುರಿತ ಪ್ರಯೋಗಗಳನ್ನು 2012ರಲ್ಲಿಯೂ 2020ರಲ್ಲಿಯೂ ಪರಿಶೀಲಿಸಿದ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಸಂಸ್ಥೆ) ವಿಮರ್ಶೆಗಳು, ಯಾವುದೇ ದೀರ್ಘಕಾಲದ ಕಾಯಿಲೆಗೆ ಅದನ್ನು ಶಿಫಾರಸು ಮಾಡುವಷ್ಟು ಪುರಾವೆ ಕಾಣಲಿಲ್ಲ. ಜಾಹೀರಾತುಗಳಿಗೆ ಪ್ರಿಯವಾದ, ಫ್ರೆಂಚ್ ಅನ್ವೇಷಕ ಜಾಕ್ ಕಾರ್ತಿಯೆಯ ಕಥೆಯೂ ಇಲ್ಲಿ ನೆರವಿಗೆ ಬಾರದು. 1535-36ರ ಚಳಿಗಾಲದಲ್ಲಿ, ಇಂದಿನ ಕ್ವಿಬೆಕ್ ಬಳಿ, ಅವನ ನಾವಿಕರು ಸ್ಥಳೀಯರು ತೋರಿಸಿಕೊಟ್ಟ ಮರದ ಎಲೆ ಮತ್ತು ತೊಗಟೆಯ ಕಷಾಯ ಕುಡಿದು ಬದುಕುಳಿದದ್ದು ನಿಜ. ಆದರೆ ಅವರನ್ನು ಕಾಡಿದ್ದ ಸ್ಕರ್ವಿ ವಿಟಮಿನ್ ಸಿ ಕೊರತೆಯ ರೋಗ, ಮೇಲಾಗಿ ಆ ಮರ ಯಾವುದೆಂಬ ಚರ್ಚೆಯೇ ಇನ್ನೂ ಮುಗಿದಿಲ್ಲ.

ನನಗೆ ತೋರುವಂತೆ ಈ ಸಾರಕ್ಕೆ ಮೊದಲು ಸಲ್ಲಬೇಕಾದ ಜಾಗ ಮಾತ್ರೆಯಲ್ಲ, ಎಣ್ಣೆಯ ಪೀಪಾಯಿ. ಖಾದ್ಯತೈಲ ಕಮಟು ಹಿಡಿಯದಂತೆ, ಮುಲಾಮು ಬಣ್ಣಗೆಡದಂತೆ, ಪ್ಲಾಸ್ಟಿಕ್ ಬಿರುಕು ಬಿಡದಂತೆ ಈಗ ಬಳಸುವ ಬಿಎಚ್‌ಟಿಯಂಥ ಕೃತಕ ವಸ್ತುಗಳ ಪಕ್ಕದಲ್ಲಿಟ್ಟು ಇದನ್ನು ಅಳೆಯಬಹುದು, ಫಲಿತಾಂಶವೂ ಬೇಗ ತಿಳಿಯುತ್ತದೆ. ರಷ್ಯಾದಲ್ಲಿ ಸೈಬೀರಿಯಾದ ಲಾರ್ಚ್‌ನಿಂದ ತೆಗೆದ ಟ್ಯಾಕ್ಸಿಫೋಲಿನ್ ಎಂಬ ಫೀನಾಲ್ ಈಗಾಗಲೇ ಆಹಾರ ಕೆಡದಂತೆ ಕಾಯಲು ಬಳಕೆಯಲ್ಲಿದೆ.

ಡಬ್ಬಿ ಮಾರುವವರಿಗೂ ಒಂದು ಕೋರಿಕೆ. ಚೀಟಿಯ ಮೇಲೆ ‘ನೈಸರ್ಗಿಕ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವ ಜಾಗದಲ್ಲೇ ಮರದ ಜಾತಿ, ಬಳಸಿದ ಭಾಗ, ದ್ರಾವಕ ಮತ್ತು ಮುಖ್ಯ ಸಂಯುಕ್ತದ ಪ್ರಮಾಣವನ್ನು ನಮೂದಿಸಲಿ. ತೊಗಟೆ ಕಾರ್ಖಾನೆಯ ಉಳಿಕೆಯೋ, ಇದಕ್ಕೆಂದೇ ನಿಂತ ಮರದಿಂದ ಸುಲಿದದ್ದೋ ಎಂಬುದನ್ನೂ ಬರೆಯಲಿ.

— ಒಬ್ಬ ಓದುಗ