ತೇಜಸ್ವಿ ಬದುಕಿಗೊಂದು ಚಿತ್ರಪುಸ್ತಕ ಮಾಡೋಣ

ಮಾನ್ಯ ಸಂಪಾದಕರೇ, ನಮಸ್ಕಾರ.

ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು. ನಮ್ಮ ಶಾಲೆಯಲ್ಲಿ ಒಂದು ಜೆರಾಕ್ಸ್ ಪುಸ್ತಕ ಹುಟ್ಟಿಕೊಂಡಿದೆ. 24 ಪುಟ, ನಡುವೆ ಎರಡು ಪಿನ್, ಅಷ್ಟೇ. ಅದನ್ನು ಜನ ಹುಡುಕಿಕೊಂಡು ಬರುತ್ತಿರುವುದನ್ನು ನೋಡಿ ನಿಮಗೆ ಬರೆಯಲೇಬೇಕು ಅನ್ನಿಸಿತು.

ಸೆಪ್ಟೆಂಬರ್ 8 ಪೂರ್ಣಚಂದ್ರ ತೇಜಸ್ವಿ ಹುಟ್ಟಿದ ದಿನ. ಆ ದಿನಕ್ಕೆಂದು ಒಂಬತ್ತನೇ ಕ್ಲಾಸಿನ ಮಕ್ಕಳು ಅವರ ಬದುಕನ್ನು ಚಿತ್ರಗಳಲ್ಲಿ ಬಿಡಿಸಿ ಗೋಡೆಗೆ ಅಂಟಿಸಿದ್ದರು. ಒಬ್ಬ ಹುಡುಗಿಯ ಅಪ್ಪ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರು. ಮಾರನೇ ದಿನವೇ ಒಬ್ಬ ಎಸ್ಟೇಟ್ ರೈಟರ್, ಅಂದರೆ ಕಾಫಿ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು, ಶಾಲೆಗೆ ಬಂದರು. ‘ಸಾರ್, ತೇಜಸ್ವಿಯವರ ಚಿತ್ರದ ಪುಸ್ತಕ ಮಾಡಿದ್ದೀರಂತೆ, ನಂಗೊಂದು ಬೇಕು’ ಅಂದರು. ಪುಸ್ತಕ ಇರಲೇ ಇಲ್ಲ! ಅವರು ಕೇಳಿದ ಮೇಲೆ ಮಾಡಿದ್ದು. ಮೊದಲು 20 ಪ್ರತಿ ತೆಗೆಸಿದೆವು. ಆಮೇಲೆ ಬೇಕರಿಯವರು ಕೇಳಿದರು, ಬಸ್ ಕಂಡಕ್ಟರ್ ಕೇಳಿದರು, ಬೆಂಗಳೂರಲ್ಲಿ ಕೆಲಸಕ್ಕಿರುವ ನಮ್ಮ ಹಳೇ ವಿದ್ಯಾರ್ಥಿಯೊಬ್ಬ ತನ್ನ ಆಫೀಸಿನವರಿಗೆಲ್ಲ ಸೇರಿಸಿ ಒಟ್ಟಿಗೆ 30 ಬೇಕು ಅಂದ. ಈಗ 170 ಪ್ರತಿ ದಾಟಿದೆ. ಜೆರಾಕ್ಸ್ ಅಂಗಡಿಯವರು ತಾವೂ ಒಂದು ಇಟ್ಟುಕೊಂಡಿದ್ದಾರೆ.

ಮಕ್ಕಳು ಏನೇನು ಬಿಡಿಸಿದ್ದರು ಅಂತ ಸ್ವಲ್ಪ ಹೇಳುತ್ತೇನೆ. ಮೊದಲ ಚಿತ್ರ ಕುಪ್ಪಳಿ ಮನೆ, 1938. ಆಮೇಲೆ ಮೈಸೂರಿನ ಮನೆ ಉದಯರವಿ. ಅಪ್ಪ ಕುವೆಂಪು ಒಳಗೆ ಕೂತು ಬರೆಯುತ್ತಿದ್ದಾರೆ, ಕಿಟಕಿಯ ಆಚೆ ಹುಡುಗ ಮರ ಹತ್ತಿದ್ದಾನೆ. ಮುಂದೆ ಕಾಲೇಜು ದಿನಗಳು, ಗೆಳೆಯ ಕಡಿದಾಳು ಶಾಮಣ್ಣ, ಜೊತೆಗೊಂದು ಸಿತಾರ್. 1966ರ ಮದುವೆ ಇದೆ, ಕುವೆಂಪು ಅವರೇ ರೂಪಿಸಿದ ಮಂತ್ರಮಾಂಗಲ್ಯ, ಪುರೋಹಿತರಿಲ್ಲ, ಅದ್ದೂರಿ ಇಲ್ಲ. ಓದು ಮುಗಿಸಿದವರು ನೌಕರಿ ಕಡೆ ತಿರುಗದೆ ಮೂಡಿಗೆರೆಗೆ ಬಂದು ಕಾಫಿ ತೋಟ ಮಾಡಿದ್ದಿದೆ, ಮೊದಲು ಚಿತ್ರಕೂಟ ಅನ್ನುವ ತೋಟ, ಆಮೇಲೆ ನಿರುತ್ತರ. ಗಾಳ ಹಿಡಿದು ಹೊಳೆ ದಡದಲ್ಲಿ ಕೂತಿದ್ದು, ಕ್ಯಾಮೆರಾ ಇಟ್ಟುಕೊಂಡು ಹಕ್ಕಿಗೆ ಕಾದಿದ್ದು, ಕನ್ನಡ ತಂತ್ರಾಂಶ ಸರಿಯಾಗಬೇಕು ಅಂತ ಕಂಪ್ಯೂಟರ್ ಮುಂದೆ ಕೂತಿದ್ದು, ಪಕ್ಕದಲ್ಲಿ ‘ಕಿವಿ’ ಅನ್ನುವ ಅವರ ನಾಯಿ. ಕಂಪ್ಯೂಟರ್ ಕಾಲಕ್ಕೆ ಕಿವಿ ಇರಲಿಲ್ಲ ಕಣೋ ಅಂದೆ. ‘ಇರಲಿ ಸಾರ್, ಅದಿಲ್ಲದೆ ಚೆನ್ನಾಗಿರಲ್ಲ’ ಅಂದ ಹುಡುಗ. ಬಿಟ್ಟೆ. ಕೊನೇ ಪುಟ 2007ರ ಏಪ್ರಿಲ್ 5. ಅದರಲ್ಲಿ ಮನುಷ್ಯರೇ ಇಲ್ಲ. ನಿರುತ್ತರದ ಅಂಗಳದ ಒಂದು ಮರ, ಕೊಂಬೆ ತುಂಬ ಹಕ್ಕಿ. ಅದನ್ನು ಬಿಡಿಸಿದ ಹುಡುಗಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಆ ಎಸ್ಟೇಟ್ ರೈಟರ್ ಪುಟ ತಿರುಗಿಸುತ್ತ ಹಾರುವ ಓತಿಯ ಚಿತ್ರಕ್ಕೆ ಬಂದು ನಿಂತುಬಿಟ್ಟರು. ಎಸ್ಸೆಸ್ಸೆಲ್ಸಿ ಆದಮೇಲೆ ಅವರು ಪೂರ್ತಿ ಓದಿದ ಮೊದಲ ಪುಸ್ತಕ ‘ಕರ್ವಾಲೊ’ ಅಂತೆ, ಹಾರುವ ಓತಿಯನ್ನು ಹುಡುಕಿ ಹೊರಡುವ ತೇಜಸ್ವಿಯವರ ಕಾದಂಬರಿ. ಓದಿದ ಮೇಲೆ ಎರಡು ವರ್ಷ ತೋಟದಲ್ಲಿ ಕೆಲಸದ ನಡುವೆ ಮರದ ಕಾಂಡಗಳನ್ನೇ ನೋಡಿಕೊಂಡು ಓಡಾಡಿದ್ದರಂತೆ. ಇನ್ನೊಬ್ಬ ಹುಡುಗನ ಅಜ್ಜಿಗೆ ಓದಲು ಬರುವುದಿಲ್ಲ. ಮೊಮ್ಮಗನಿಂದ ಪುಸ್ತಕ ಇಸ್ಕೊಂಡು ಒಂದೊಂದೇ ಚಿತ್ರ ನೋಡಿದರಂತೆ, ‘ಇವರು ನಮ್ಮ ಕಡೆಯವರ ಥರಾನೇ ಇದಾರಲ್ಲೋ, ದೊಡ್ಡ ಮನುಷ್ಯರು ಅಂದ್ಯಲ್ಲ’ ಅಂದರಂತೆ. ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ಆದರೆ ತೇಜಸ್ವಿ ಅಂದರೆ ಯಾರು ಅಂತ ಇಷ್ಟು ಚೆನ್ನಾಗಿ ಹೇಳಿದವರನ್ನು ಕಂಡಿಲ್ಲ.

ನಾನು ಕೇಳುತ್ತಿರುವುದು ಇಷ್ಟೇ. ಇದನ್ನು ಬಲ್ಲವರು ಸರಿಯಾಗಿ ಮಾಡಬೇಕು. ಒಳ್ಳೆಯ ಕಲಾವಿದರು ಪುಟಪುಟಕ್ಕೂ ಬಿಡಿಸಿದ, ಹನ್ನೆರಡು ವರ್ಷದ ಮಗುವೂ ಎಪ್ಪತ್ತು ವರ್ಷದವರೂ ಒಟ್ಟಿಗೆ ಕೂತು ನೋಡುವಂಥ ತೇಜಸ್ವಿಯವರ ಜೀವನಚರಿತ್ರೆ ಬೇಕು. ಅಂಥದ್ದೊಂದು ಶಾಲೆ ಲೈಬ್ರರಿಗೆ ತರಿಸೋಣ ಅಂತ ನಾನು ಹಾಸನ, ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಕೇಳಿದೆ, ಕೈಗೆ ಸಿಗಲಿಲ್ಲ. ಬರಹದಲ್ಲಿ ಬೇಕಾದಷ್ಟಿದೆ. ತೇಜಸ್ವಿಯವರೇ ಅಪ್ಪ ಕುವೆಂಪು ಬಗ್ಗೆ ಬರೆದ ‘ಅಣ್ಣನ ನೆನಪು’ ಇದೆ, ಅವರ ಪತ್ನಿ ರಾಜೇಶ್ವರಿ ಮೇಡಂ ಬರೆದ ‘ನನ್ನ ತೇಜಸ್ವಿ’ ಇದೆ. ನಮ್ಮ ಮಕ್ಕಳ ಚಿತ್ರಗಳಿಗೂ ಇವೆರಡೇ ಆಧಾರ.

ಫೋಟೋಗಳಿವೆಯಲ್ಲ, ಚಿತ್ರ ಯಾಕೆ ಅಂತ ಕೆಲವರು ಕೇಳಬಹುದು. ಫೋಟೋಗಳೂ ಇರಲಿ. ಆದರೆ ತೇಜಸ್ವಿಯವರ ಕೈಯಲ್ಲೇ ಜಾಸ್ತಿ ಕ್ಯಾಮೆರಾ ಇರುತ್ತಿತ್ತು. ಹಕ್ಕಿಯ ಫೋಟೋದಲ್ಲಿ ಹಕ್ಕಿ ಮಾತ್ರ ಇದೆ. ಅದಕ್ಕಾಗಿ ಸೊಳ್ಳೆ ಕಚ್ಚಿಸಿಕೊಂಡು, ಉಸಿರು ಬಿಗಿಹಿಡಿದು ಕಾದ ಮನುಷ್ಯ ಅದರಲ್ಲಿಲ್ಲ. ಆ ಮನುಷ್ಯನನ್ನು ಕೈಯಲ್ಲೇ ಬಿಡಿಸಬೇಕು, ಬೇರೆ ದಾರಿ ಇಲ್ಲ. ಕಾಡಿನ ಕತ್ತಲು, ಕಾಫಿ ಹೂವಾದಾಗಿನ ಬಿಳುಪು, ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ, ಇವೆಲ್ಲ ಚಿತ್ರದಲ್ಲಿ ಬಂದರೆ ಬಯಲುಸೀಮೆಯ ಮಗುವಿಗೂ ಮೂಡಿಗೆರೆ ಗೊತ್ತಾಗುತ್ತದೆ.

ಬಿಡಿಸುವವರಿಗೆ ಒಂದು ಮಾತು. ಮಲೆನಾಡು ಅಂದ ಕೂಡಲೇ ಹೆಂಚಿನ ಮನೆ, ಎರಡು ತೆಂಗಿನ ಮರ, ಹಿಂದೊಂದು ಬೆಟ್ಟ ಬಿಡಿಸಿ ಮುಗಿಸಬೇಡಿ. ತೇಜಸ್ವಿ ಓದುಗರು ಸುಲಭಕ್ಕೆ ಒಪ್ಪುವವರಲ್ಲ. ಕಾಫಿ ತೋಟಕ್ಕೆ ನೆರಳಿನ ಮರ ಬೇಕು, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ ಬೇಕು. ಕಾಜಾಣ ಹಕ್ಕಿ ಬಿಡಿಸಿದರೆ ಬಾಲ ಕವಲೊಡೆದಿರಲೇಬೇಕು, ಪಿಕಳಾರಕ್ಕೆ ತಲೆ ಮೇಲೆ ಜುಟ್ಟಿರಬೇಕು. ಓತಿಯ ರೆಕ್ಕೆ ಕೈಗಳಿಂದ ಹೊರಟಿದ್ದಲ್ಲ, ಪಕ್ಕೆಲುಬುಗಳು ಹೊರಚಾಚಿ ಅದರ ಮೇಲೆ ಚರ್ಮ ಬಿಚ್ಚಿಕೊಳ್ಳುವುದು. ಅದು ಬಾವಲಿಯ ಹಾಗೆ ರೆಕ್ಕೆ ಬಡಿದು ಹಾರುವುದಿಲ್ಲ, ಮರದಿಂದ ಮರಕ್ಕೆ ತೇಲುತ್ತದೆ. ನಮ್ಮ ಹುಡುಗರು ಮೊದಲ ಸಲ ಬಾವಲಿ ರೆಕ್ಕೆಯನ್ನೇ ಹಚ್ಚಿದ್ದರು, ಮೂರು ಸಲ ಅಳಿಸಿ ಬಿಡಿಸಿದ ಮೇಲೆ ಸರಿಯಾಯಿತು. ಕೊಟ್ಟಿಗೆಹಾರದ ತೇಜಸ್ವಿ ಪ್ರತಿಷ್ಠಾನಕ್ಕೆ ಒಮ್ಮೆ ಹೋಗಿ ಬಂದು ಪೆನ್ಸಿಲ್ ಹಿಡಿದರೆ ಕಲಾವಿದರಿಗೆ ಅರ್ಧ ಕೆಲಸ ಆದಂತೆ.

ದುಡ್ಡಿನ ವಿಷಯಕ್ಕೂ ಬರುತ್ತೇನೆ. ನಮ್ಮ ಜೆರಾಕ್ಸ್ ಪ್ರತಿ ಹಿಡಿದುಕೊಂಡು ನಾನು ಒಬ್ಬ ಪ್ರಕಾಶಕರ ಬಳಿ ಹೋಗಿದ್ದೆ. ಅವರು ಪ್ರೀತಿಯಿಂದಲೇ ಮಾತಾಡಿಸಿದರು, ಕಾಫಿ ಕೊಟ್ಟರು. ‘ಕಲರ್ ಪುಸ್ತಕ ಕನ್ನಡದಲ್ಲಿ ಓಡಲ್ಲ ಮೇಷ್ಟ್ರೇ’ ಅಂದರು. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ನನಗೆ ತುಂಬ ಬೇಜಾರಾಯಿತು, ಯಾಕಂದರೆ ಅವರ ಲೆಕ್ಕ ತಪ್ಪಲ್ಲ. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್ ಬೇಕು. ಪ್ಲೇಟಿನ ಖರ್ಚು 500 ಪ್ರತಿಗೂ ಅಷ್ಟೇ, 5000 ಪ್ರತಿಗೂ ಅಷ್ಟೇ. ಕಡಿಮೆ ಪ್ರತಿ ಹಾಕಿದರೆ ಒಂದೊಂದರ ಬೆಲೆ ಏರುತ್ತದೆ, ಬೆಲೆ ಏರಿದರೆ ಜನ ಕೊಳ್ಳುವುದಿಲ್ಲ. ಹಾಗಾದರೆ ಎಷ್ಟು ಜನ ಕೊಳ್ಳುತ್ತಾರೆ ಅನ್ನುವುದು ಮೊದಲೇ ಗೊತ್ತಾಗಬೇಕು, ಅಲ್ವಾ? ಓದುಗರು ಮುಂಗಡ ಕೊಟ್ಟು ಹೆಸರು ಬರೆಸಲಿ. ಪೂರ್ತಿ ಬಣ್ಣ ಆಗದಿದ್ದರೆ ಎರಡು ಫಾರಂ (ಒಂದು ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳಿಗೆ ಫಾರಂ ಅನ್ನುತ್ತಾರೆ) ಬಣ್ಣದಲ್ಲಿ, ಉಳಿದದ್ದು ಕಪ್ಪು ಶಾಯಿಯ ರೇಖಾಚಿತ್ರದಲ್ಲಿ ಬರಲಿ. ಮಲೆನಾಡಿನ ಮಳೆಗೆ ಕಪ್ಪು ಶಾಯಿ ಚೆನ್ನಾಗಿ ಒಗ್ಗುತ್ತದೆ, ಇದು ಡ್ರಾಯಿಂಗ್ ಮೇಷ್ಟ್ರಾಗಿ ಹೇಳುವ ಮಾತು.

ಜನ ದುಡ್ಡು ಹಾಕುತ್ತಾರಾ ಅನ್ನುವವರಿಗೆ ‘ಡೇರ್‌ಡೆವಿಲ್ ಮುಸ್ತಾಫಾ’ ನೆನಪು ಮಾಡುತ್ತೇನೆ. ತೇಜಸ್ವಿಯವರ ಒಂದು ಸಣ್ಣ ಕತೆ. ಅದನ್ನು ಸಿನಿಮಾ ಮಾಡಲು ಸುಮಾರು 100 ಜನ ಅಭಿಮಾನಿಗಳು ಸೇರಿ ದುಡ್ಡು ಹಾಕಿದರು. 2023ರಲ್ಲಿ ಸಿನಿಮಾ ಬಂತು. ನಾವು ಮನೆಯವರೆಲ್ಲ ಹೋಗಿ ನೋಡಿದ್ದೆವು, ಥಿಯೇಟರ್‌ನಲ್ಲಿ ನಮ್ಮ ಹಿಂದೆ ಕೂತಿದ್ದ ಹುಡುಗರು ಮಾತುಗಳನ್ನು ಮುಂಚೆಯೇ ಹೇಳುತ್ತಿದ್ದರು, ಅಷ್ಟು ಸಲ ಕತೆ ಓದಿದ್ದರು. ಒಂದು ಸಿನಿಮಾವನ್ನೇ ಎತ್ತಿ ನಿಲ್ಲಿಸಿದ ಓದುಗರಿಗೆ ಒಂದು ಪುಸ್ತಕ ಭಾರವಾಗುತ್ತದೆಯೇ? ನನ್ನ ಲೆಕ್ಕದಲ್ಲಿ ಹತ್ತು ಪ್ರತಿ ಈಗಲೇ ಬರೆದುಕೊಳ್ಳಿ. ಎಸ್ಟೇಟ್ ರೈಟರ್ ಮೂರು ಹೇಳಿದ್ದಾರೆ.

ತಡ ಮಾಡಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ರಾಜೇಶ್ವರಿ ಮೇಡಂ 2021ರ ಡಿಸೆಂಬರ್‌ನಲ್ಲಿ ಹೋಗಿಬಿಟ್ಟರು. ತೇಜಸ್ವಿಯವರನ್ನು ದಿನಾ ಕಂಡವರು, ಅಂಗಡಿಯಲ್ಲಿ ಸಾಮಾನು ಕೊಟ್ಟವರು, ಜೊತೆಗೆ ಮೀನಿಗೆ ಹೋದವರು, ಅವರಿಗೂ ವಯಸ್ಸಾಗುತ್ತಿದೆ. ಪುಸ್ತಕದಲ್ಲಿ ಸಿಗದ ಸಣ್ಣ ಸಣ್ಣ ಸಂಗತಿ ಇರುವುದು ಅವರ ಬಳಿ. ಬರೆಯುವವರಿಗೆ ಅವಿಲ್ಲದೆ ನಡೆಯಬಹುದು, ಚಿತ್ರ ಬಿಡಿಸುವವರಿಗೆ ನಡೆಯುವುದಿಲ್ಲ. ಟೋಪಿ ಎಂಥದ್ದು, ಗಾಳದ ಕೋಲು ಎಷ್ಟುದ್ದ, ಅಂಗಳದಲ್ಲಿ ಕುರ್ಚಿ ಎಲ್ಲಿರುತ್ತಿತ್ತು, ಇದೆಲ್ಲ ಬೇಕು.

ನಮ್ಮ ಪುಸ್ತಕದ 17ನೇ ಪುಟದಲ್ಲಿ ತೇಜಸ್ವಿಯವರು ಸ್ಕೂಟರ್ ಮೇಲೆ ಮೂಡಿಗೆರೆ ಪೇಟೆಗೆ ಹೊರಟಿದ್ದಾರೆ. ರಸ್ತೆಗೆ, ಮರಕ್ಕೆ, ಅಂಗಿಗೆ ಬಣ್ಣ ಹಚ್ಚಿಯಾಗಿದೆ. ಸ್ಕೂಟರ್ ಮಾತ್ರ ಹಾಗೇ ಇದೆ. ಶಾಲೆಯಲ್ಲಿದ್ದ ಫೋಟೋ ಕಪ್ಪು ಬಿಳುಪಿನದು, ಸುಮ್ನೆ ಯಾವುದೋ ಬಣ್ಣ ಹಚ್ಚಲು ಮಕ್ಕಳು ಒಪ್ಪಲಿಲ್ಲ. ಆ ಸ್ಕೂಟರನ್ನು ಕಣ್ಣಾರೆ ಕಂಡ ಮೂಡಿಗೆರೆಯ ಓದುಗರು ಯಾರಾದರೂ ಇದ್ದರೆ ದಯವಿಟ್ಟು ನಿಮ್ಮ ಪತ್ರಿಕೆಗೆ ಎರಡು ಸಾಲು ಬರೆಯಲಿ. ಮಕ್ಕಳು ಬಣ್ಣದ ಡಬ್ಬಿ ಮುಚ್ಚದೆ ಕಾಯುತ್ತಿದ್ದಾರೆ.

– ಒಬ್ಬ ಚಿತ್ರಕಲಾ ಶಿಕ್ಷಕ, ಸಕಲೇಶಪುರ ತಾಲ್ಲೂಕು