ಹೆಲ್ಮೆಟ್ಟಿನ ಒಡೆಯ ಸಿಕ್ಕಿದನೆಂದು ಅಚ್ಚು ಹಾಕುವ ಮುನ್ನ

ಮಾನ್ಯ ಸಂಪಾದಕರೆ,

ಎರಡನೇ ಮಹಾಯುದ್ಧದ ಉಕ್ಕಿನ ಹೆಲ್ಮೆಟ್ ಎಲ್ಲೋ ಅಟ್ಟದ ಮೇಲೆ ಸಿಕ್ಕಿತು, ಒಳಗೆ ಒಂದು ಅಕ್ಷರವೂ ನಾಲ್ಕು ಅಂಕಿಯೂ ಇದ್ದವು, ಅಂತರ್ಜಾಲದಲ್ಲಿ ಹುಡುಕಿದಾಗ ಅದರ ಒಡೆಯ ಪತ್ತೆಯಾದ ಎಂಬಂಥ ಸುದ್ದಿಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತವೆ. ಓದುವುದಕ್ಕೆ ಸೊಗಸು. ಆದರೆ ಆ ಹೆಸರು ಹೇಗೆ ಸಿಕ್ಕಿತು, ಅದೇ ಗುರುತಿಗೆ ಹೊಂದುವ ಉಳಿದವರನ್ನು ಯಾವ ಆಧಾರದ ಮೇಲೆ ಕೈಬಿಟ್ಟರು ಎಂಬುದು ಹೆಚ್ಚಿನ ವರದಿಗಳಲ್ಲಿ ಇರುವುದೇ ಇಲ್ಲ. ಅದಿಲ್ಲದಿದ್ದರೆ ಅದು ಪತ್ತೆಯಲ್ಲ, ಊಹೆ.

ಲೆಕ್ಕ ಹಾಕಿ ನೋಡಿ. ಇಂಥ ಸುದ್ದಿಗಳಲ್ಲಿ ಹೆಚ್ಚಾಗಿ ಬರುವುದು ಅಮೆರಿಕದ ಎಂ-1 ಹೆಲ್ಮೆಟ್. ಯುದ್ಧಕಾಲದಲ್ಲಿ ಅದು 2 ಕೋಟಿಗೂ ಮಿಕ್ಕಿ ತಯಾರಾಯಿತು. ಅಮೆರಿಕದ ಸೈನಿಕರು ತಮ್ಮ ಬಟ್ಟೆಬರೆ, ಸಾಮಾನುಗಳ ಮೇಲೆ ಮನೆತನದ ಹೆಸರಿನ ಮೊದಲ ಅಕ್ಷರವನ್ನೂ ಸೇವಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ಬರೆದುಕೊಳ್ಳುತ್ತಿದ್ದರು. ಒಗೆಯಲು ಕೊಟ್ಟದ್ದು ಅದಲುಬದಲಾಗಬಾರದೆಂದು ಹಾಕಿದ ಗುರುತಾದ್ದರಿಂದ ಸಂಗ್ರಾಹಕರು ಇದನ್ನು ಲಾಂಡ್ರಿ ನಂಬರ್ ಎನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರವು ಆ ಕಾಲದ ಭೂಸೇನಾ ಭರ್ತಿಯ ಸುಮಾರು 90 ಲಕ್ಷ ದಾಖಲೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ನಾಲ್ಕು ಅಂಕಿಗಳಿಂದ ಆಗಬಹುದಾದ ಸಂಖ್ಯೆಗಳು 10,000. ಅಂದರೆ ಒಂದೊಂದು ನಾಲ್ಕಂಕಿಯ ಸಂಖ್ಯೆಗೂ ಸರಾಸರಿ 900 ಜನ. ಅಮೆರಿಕದ ಮನೆತನದ ಹೆಸರುಗಳಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ಎಸ್ ಅಕ್ಷರದಿಂದ ಶುರುವಾಗುತ್ತವೆ. ಹಾಗಾಗಿ ‘ಎಸ್-3306’ ಎಂಬ ಗುರುತಿಗೆ ಏಳೆಂಟು ಡಜನ್ ಸೈನಿಕರು ಹೊಂದುತ್ತಾರೆ. ಕ್ಯೂ ಅಥವಾ ಜೆಡ್ ಅಕ್ಷರವಿದ್ದರೆ ಬೆರಳೆಣಿಕೆಯಷ್ಟು ಜನ. ಅದು ಹುಡುಕುವವರ ಅದೃಷ್ಟ. ಎಸ್, ಬಿ, ಎಂ ಅಕ್ಷರಗಳಿದ್ದರೆ ಪಟ್ಟಿಯಲ್ಲಿ ಮೊದಲು ಕಂಡ ಹೆಸರನ್ನು ಹಿಡಿದುಕೊಂಡು ಕುಣಿಯುವಂತಿಲ್ಲ.

ಪಟ್ಟಿ ಸಣ್ಣದಾಗಬೇಕಾದರೆ ಮೊದಲು ಹೆಲ್ಮೆಟ್ಟಿನ ವಯಸ್ಸು ಗೊತ್ತಾಗಬೇಕು. ಎಂ-1ರಲ್ಲಿ ನೋಡಬೇಕಾದ ಜಾಗಗಳು ಮೂರು. ಒಂದು, ಚಿಪ್ಪಿನ ಸುತ್ತ ಕೂರಿಸಿದ ಲೋಹದ ಅಂಚುಪಟ್ಟಿಯ ಎರಡು ತುದಿಗಳು ಸೇರುವ ಜಾಗ. ಅದು ಹಣೆಯ ಕಡೆ ಇದ್ದರೆ ಹಳೆಯ ತಯಾರಿಕೆ. 1944ರ ಕೊನೆಯ ತಿಂಗಳುಗಳಿಂದ ಅದನ್ನು ಹಿಂಭಾಗಕ್ಕೆ ಸರಿಸಿದರು. ಎರಡು, ಗದ್ದಪಟ್ಟಿ ಸಿಕ್ಕಿಸುವ ಕೊಂಡಿ. ಮೊದಮೊದಲು ಅದು ಚಿಪ್ಪಿಗೆ ಬೆಸೆದ, ಅಲುಗಾಡದ ಕೊಂಡಿ. ಹೆಲ್ಮೆಟ್ ನೆಲಕ್ಕೆ ಬಿದ್ದರೆ, ಯಾರಾದರೂ ಅದರ ಮೇಲೆ ಕುಳಿತರೆ ಬೆಸುಗೆ ಬಿಟ್ಟುಹೋಗುತ್ತಿತ್ತು. ಅದಕ್ಕೆಂದೇ 1943ರ ಉತ್ತರಾರ್ಧದಲ್ಲಿ ಅತ್ತಿತ್ತ ಆಡುವ ಕೊಂಡಿ ಬಂತು. ಮೂರು, ಒಳಗಡೆ ಹಣೆಯ ಅಂಚಿನ ಹತ್ತಿರ ಉಕ್ಕಿನಲ್ಲೇ ಒತ್ತಿದ ಅಂಕಿ ಮತ್ತು ಅಕ್ಷರ. ಇದು ಹೀಟ್ ಸ್ಟ್ಯಾಂಪ್, ಉಕ್ಕಿನ ಯಾವ ಎರಕದಿಂದ ಆ ತಗಡು ಬಂತೆಂಬುದರ ಗುರುತು. ಜೊತೆಗೆ ಎಸ್ ಅಕ್ಷರವಿದ್ದರೆ ಚಿಪ್ಪು ಸೇಂಟ್ ಲೂಯಿಸ್‌ನ ಶ್ಲೂಟರ್ ಕಾರ್ಖಾನೆಯದು, ಇಲ್ಲದಿದ್ದರೆ ಬಹುಮಟ್ಟಿಗೆ ಡೆಟ್ರಾಯಿಟ್‌ನ ಮೆಕಾರ್ಡ್‌ನದು. ಈ ಸಂಖ್ಯೆಯನ್ನು ಸೈನಿಕನ ಸಂಖ್ಯೆಯೆಂದು ತಿಳಿದು ಹುಡುಕಲು ಹೊರಡುವವರು ಬೇಕಾದಷ್ಟಿದ್ದಾರೆ. ಯಾರಿಗೆ ಯಾವ ಹೆಲ್ಮೆಟ್ ಕೊಟ್ಟರೆಂದು ಈ ಸಂಖ್ಯೆಯ ಲೆಕ್ಕದಲ್ಲಿ ಯಾರೂ ಬರೆದಿಡಲಿಲ್ಲ. ಸಂಗ್ರಾಹಕರು ಸಿದ್ಧಪಡಿಸಿದ ಕೋಷ್ಟಕಗಳ ನೆರವಿನಿಂದ ತಯಾರಾದ ಕಾಲವನ್ನು ಅಂದಾಜು ಮಾಡಬಹುದು, ಅಷ್ಟೇ.

ವಯಸ್ಸು ಗೊತ್ತಾದರೆ ಎಷ್ಟೋ ಕಥೆಗಳು ಅಲ್ಲೇ ಉದುರಿಹೋಗುತ್ತವೆ. ಅಂಚಿನ ಸೇರುವೆ ಹಿಂದಕ್ಕಿರುವ ಹೆಲ್ಮೆಟ್ 1944ರ ಜೂನ್ 6ರಂದು ಮಿತ್ರಪಡೆಗಳು ಬಂದಿಳಿದ ಫ್ರಾನ್ಸಿನ ನಾರ್ಮಂಡಿಯ ದಂಡೆಯಲ್ಲಿ ಇರಲಿಕ್ಕೇ ಸಾಧ್ಯವಿಲ್ಲ. ಆಡುವ ಕೊಂಡಿಯ ಹೆಲ್ಮೆಟ್ 1943ರ ಜುಲೈಯಲ್ಲಿ ಇಟಲಿಯ ಸಿಸಿಲಿ ದ್ವೀಪದ ಕಾಳಗದಲ್ಲಿ ಮಡಿದವನದಾಗಿರಲಾರದು. ಮಾರುವವರು ಕೊಟ್ಟ ಪ್ರಮಾಣಪತ್ರ ಏನೇ ಹೇಳಲಿ, ಉಕ್ಕಿನ ಸಾಕ್ಷ್ಯವೇ ಮೇಲು.

ಇನ್ನೊಂದು ತೊಡಕಿದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಎಂ-1 ಎಂದರೆ ಒಂದೇ ವಸ್ತುವಲ್ಲ. ಹೊರಗೆ ಉಕ್ಕಿನ ಚಿಪ್ಪು, ಒಳಗೆ ತೆಗೆದು ಹಾಕಬಹುದಾದ, ಲೈನರ್ ಎಂಬ ಒಳಟೋಪಿ. ಸೈನಿಕರು ಚಿಪ್ಪನ್ನು ಕಳಚಿ ಅದರಲ್ಲಿ ನೀರು ತುಂಬಿ ಮುಖ ತೊಳೆಯುತ್ತಿದ್ದರು, ಗಡ್ಡ ಹೆರೆಯುತ್ತಿದ್ದರು. ಮತ್ತೆ ತೊಡುವಾಗ ಯಾರ ಚಿಪ್ಪು ಯಾರ ಲೈನರಿಗೆ ಕೂತಿತೋ ಹೇಳುವವರಿಲ್ಲ. ಯುದ್ಧ ಮುಗಿದ ಮೇಲೆ ಡಿಪೋಗಳಲ್ಲಿ ಹೊಸ ಬಣ್ಣ ಬಳಿದು, ಗದ್ದಪಟ್ಟಿ ಬದಲಿಸಿ ಕೊರಿಯಾ, ವಿಯೆಟ್ನಾಂ ಯುದ್ಧಗಳ ಕಾಲದಲ್ಲಿ ಮತ್ತೆ ಹಂಚಿದ್ದೂ ಉಂಟು. ಹಾಗಾಗಿ ಚಿಪ್ಪಿನ ಮೇಲಿನ ಗುರುತು ಬೇರೆ, ಲೈನರಿನ ಗುರುತು ಬೇರೆ ಎಂದು ಎರಡು ಕಡತ ಮಾಡಿಕೊಳ್ಳಬೇಕು. ಎರಡರಲ್ಲೂ ಒಂದೇ ಗುರುತು, ಒಂದೇ ಕೈಬರಹ ಕಂಡರೆ ಅದು ಬಲವಾದ ಸಾಕ್ಷ್ಯ. ಹಾಲಿ (Hawley) ಎಂಬ ಹೆಸರಿನ ಕಂಪನಿಯ ಒತ್ತುಕಾಗದದ ಲೈನರ್ 1942ರ ಕೊನೆಯ ಹೊತ್ತಿಗೆ ನಿಂತುಹೋಯಿತು. ಆಮೇಲಿನವು ರಾಳ ಹಾಕಿ ಗಟ್ಟಿ ಮಾಡಿದ ಬಟ್ಟೆಯವು, ನೆತ್ತಿಯ ಒಳಭಾಗದಲ್ಲಿ ತಯಾರಕರ ಮುದ್ರೆಯಿರುತ್ತದೆ. ಲೈನರಿನೊಳಗೆ ‘ಡಿಎಸ್‌ಎ’ (ಅಮೆರಿಕದ ರಕ್ಷಣಾ ಸರಬರಾಜು ಸಂಸ್ಥೆ) ಎಂದು ಶುರುವಾಗುವ ಗುತ್ತಿಗೆ ಸಂಖ್ಯೆ ಕಂಡರೆ ಅದು 1960ರ ದಶಕದ್ದು ಅಥವಾ ಅದರ ನಂತರದ್ದು. ಅದರ ಮೇಲಿನ ಗುರುತನ್ನು ಮಹಾಯುದ್ಧದ ದಾಖಲೆಯಲ್ಲಿ ಹುಡುಕುವುದು ದಂಡ. 1969ರ ಜುಲೈ 1ರಿಂದ ಅಮೆರಿಕದ ಭೂಸೇನೆ ಹಳೆಯ ಸೇವಾ ಸಂಖ್ಯೆ ಬಿಟ್ಟು ನಾಗರಿಕರ ಸರ್ಕಾರಿ ಗುರುತಿನ ಸಂಖ್ಯೆಯಾದ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯನ್ನೇ ಬಳಸತೊಡಗಿತು. ಅಂಥ ಅಂಕಿ ಸಿಕ್ಕರೆ ಬಹಿರಂಗವಾಗಿ ಹಾಕಲೇಬಾರದು. ಆ ವ್ಯಕ್ತಿ ಇನ್ನೂ ಬದುಕಿರಬಹುದು.

ಇನ್ನು ಗುರುತನ್ನು ಓದುವ ಕೆಲಸ. ಹೆಲ್ಮೆಟ್ ಕೈಗೆ ಬಂದ ಕೂಡಲೇ ತೊಳೆದು ಹೊಳೆಯಿಸುವುದರಿಂದ ಆಗುವಷ್ಟು ಹಾನಿ ತುಕ್ಕಿನಿಂದಲೂ ಆಗುವುದಿಲ್ಲ. ತಂತಿ ಬ್ರಷ್, ಮರಳುಕಾಗದ, ವಿನೆಗರ್, ತುಕ್ಕು ತೆಗೆಯುವ ಆಮ್ಲ ಯಾವುದೂ ಬೇಡ. ಬೆವರುಪಟ್ಟಿಯ ಚರ್ಮಕ್ಕೆ ಎಣ್ಣೆ ಹಚ್ಚಿದರೆ ಚರ್ಮ ಕಪ್ಪಾಗುತ್ತದೆ, ಶಾಯಿ ಹರಡುತ್ತದೆ, ಹೋದ ಅಕ್ಷರ ಮತ್ತೆ ಬರುವುದಿಲ್ಲ. ಒಣಗಿದ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಪುಡಿ ಉದುರುತ್ತಿದ್ದರೆ ಮೂಗುಬಾಯಿ ಮುಚ್ಚಿಕೊಂಡು, ಕೈಗವಸು ಹಾಕಿಕೊಂಡು ಕೆಲಸ ಮಾಡಬೇಕು.

ಹುಡುಕಬೇಕಾದ ಜಾಗಗಳು: ಚಿಪ್ಪಿನ ಒಳಭಾಗದಲ್ಲಿ ಹಣೆಯ ಅಂಚು, ಗದ್ದಪಟ್ಟಿಯ ಎರಡೂ ಬದಿ, ಬೆವರುಪಟ್ಟಿಯ ಹಿಂಬದಿ, ಕತ್ತಿನ ಪಟ್ಟಿ, ಲೈನರಿನೊಳಗೆ ತಲೆ ಕೂರುವ ನೇಯ್ದ ಪಟ್ಟಿಗಳು, ಲೈನರಿನ ಚರ್ಮದ ಪುಟ್ಟ ಪಟ್ಟಿ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೇಲ್ಮೈಗೆ ತೀರಾ ಓರೆಯಾಗಿ ಹಿಡಿದು, ನಾಲ್ಕು ದಿಕ್ಕಿನಿಂದಲೂ ಬೆಳಕು ಬಿಟ್ಟು ಒಂದೊಂದು ಫೋಟೊ ತೆಗೆಯಿರಿ. ಮೊಳೆಯಿಂದ ಗೀರಿದ ಅಂಕಿಗಳು ಒಂದು ದಿಕ್ಕಿನ ಬೆಳಕಿಗೆ ಕಾಣದೆ ಇನ್ನೊಂದಕ್ಕೆ ಎದ್ದು ಬರುತ್ತವೆ. ಕಪ್ಪಾದ ಚರ್ಮದ ಮೇಲಿನ ಶಾಯಿಗೆ ಬೇರೆ ಉಪಾಯ. ಅವಕೆಂಪು (ಇನ್‌ಫ್ರಾರೆಡ್) ಕಿರಣದಲ್ಲಿ ಫೋಟೊ ತೆಗೆದರೆ ಚರ್ಮ ತಿಳಿಯಾಗಿ ಕಾಣುತ್ತದೆ, ಇಂಗಾಲದ ಮಸಿ ಕಪ್ಪಾಗಿಯೇ ಉಳಿಯುತ್ತದೆ. ಕಬ್ಬಿಣದ ಶಾಯಿಯಾಗಿದ್ದರೆ ಅವಕೆಂಪಿನಲ್ಲಿ ಮಾಯವಾಗುತ್ತದೆ. ಅದಕ್ಕೆ ನೇರಳಾತೀತ ದೀಪ ಬೇಕು. ಒಂದರಲ್ಲಿ ಏನೂ ಕಾಣಲಿಲ್ಲವೆಂದು ಕೈಬಿಡದೆ ಎರಡನ್ನೂ ಮಾಡಿ ನೋಡಬೇಕು. ಓದುವಾಗ 1 ಮತ್ತು 7, 3 ಮತ್ತು 8, 5 ಮತ್ತು ಎಸ್, 8 ಮತ್ತು ಬಿ ಅದಲುಬದಲಾಗುವುದು ಸಾಮಾನ್ಯ. ಅನುಮಾನವಿರುವ ಅಂಕಿಗೆ ಆಗಬಹುದಾದ ಎಲ್ಲ ಓದುಗಳನ್ನೂ ಬರೆದಿಟ್ಟುಕೊಂಡು ಎಲ್ಲವನ್ನೂ ಹುಡುಕಬೇಕು. ಇಷ್ಟವಾದ ಓದನ್ನು ಆರಿಸಿಕೊಂಡರೆ ಇಷ್ಟವಾದ ಸೈನಿಕನೇ ಸಿಗುತ್ತಾನೆ.

ಅಮೆರಿಕದ ಪತ್ರಾಗಾರದ ಅಂತರ್ಜಾಲ ದಾಖಲೆಕೋಶದಲ್ಲಿ ಸಂಖ್ಯೆಯ ಕೊನೆಯ ಭಾಗವನ್ನಷ್ಟೇ ಕೊಟ್ಟು ಹುಡುಕಬಹುದು. ಸಿಗುವ ದಾಖಲೆಯಲ್ಲಿ ಹೆಸರು, ಪೂರ್ಣ ಸಂಖ್ಯೆ, ಹುಟ್ಟಿದ ವರ್ಷ, ವಾಸದ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಭರ್ತಿಯಾದ ಊರು, ದಿನಾಂಕ, ಕಸುಬು ಇರುತ್ತವೆ. ಎಂಟು ಅಂಕಿಗಳಲ್ಲಿ ಮೊದಲನೆಯದು 3 ಇದ್ದರೆ ಕಡ್ಡಾಯ ಸೇನಾಭರ್ತಿಯವನು, 1 ಇದ್ದರೆ ತಾನಾಗಿ ಸೇರಿದವನು, 2 ಇದ್ದರೆ ನ್ಯಾಷನಲ್ ಗಾರ್ಡ್ ಎಂಬ ರಾಜ್ಯಗಳ ಮೀಸಲು ಪಡೆಯವನು. ಎರಡನೆಯ ಅಂಕಿ ಪ್ರದೇಶ ಹೇಳುತ್ತದೆ: 36ರಿಂದ ಶುರುವಾದರೆ ಇಲಿನಾಯ್, ಮಿಷಿಗನ್, ವಿಸ್ಕಾನ್ಸಿನ್ ಕಡೆಯವನು. ಕೋಶದ ಕೊರತೆಗಳೂ ಗೊತ್ತಿರಲಿ. ಮೂಲ ಪಂಚ್ ಕಾರ್ಡುಗಳ (ತೂತು ಹೊಡೆದು ಮಾಹಿತಿ ದಾಖಲಿಸುವ ಕಾರ್ಡು) ಮೈಕ್ರೊಫಿಲ್ಮನ್ನು ಬಹಳ ಕಾಲದ ಮೇಲೆ ಯಂತ್ರದಿಂದ ಓದಿಸಿದ್ದರಿಂದ ತಪ್ಪು ಅಂಕಿ, ಮುರಿದ ಹೆಸರು ಅಲ್ಲಲ್ಲಿ ಇವೆ. ಓದಲಾಗದೆ ಬಿಟ್ಟುಹೋದ ಕಾರ್ಡುಗಳೂ ಇವೆ. ನೌಕಾದಳ, ಮರೀನ್ ದಳದವರು ಇದರಲ್ಲಿಲ್ಲ. ನೇರವಾಗಿ ಅಧಿಕಾರಿಗಳಾದವರನ್ನೂ ಇಲ್ಲಿ ಹುಡುಕಿ ಫಲವಿಲ್ಲ. ಆದ್ದರಿಂದ ಕೋಶದಲ್ಲಿ ಒಬ್ಬನೇ ಸಿಕ್ಕಿದ ಎಂದ ಮಾತ್ರಕ್ಕೆ ಅವನೊಬ್ಬನೇ ಇದ್ದ ಎಂದಾಗುವುದಿಲ್ಲ.

ಇಲ್ಲಿಂದ ಮುಂದಿನದು ಜರಡಿ ಹಿಡಿಯುವ ಕೆಲಸ. ಸೇಂಟ್ ಲೂಯಿಸ್‌ನ ಸೇನಾ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿ 1973ರ ಜುಲೈ 12ರಂದು ಎದ್ದ ಬೆಂಕಿಯಲ್ಲಿ 1.6 ಕೋಟಿಯಿಂದ 1.8 ಕೋಟಿ ಕಡತಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇ 80ರಷ್ಟು ಇಲ್ಲ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ, ನಿಲ್ಲಿಸಬೇಕಾಗಿಲ್ಲ. ಮನೆಗೆ ಮರಳಿದ ಸೈನಿಕರಲ್ಲಿ ಬಹಳಷ್ಟು ಮಂದಿ ತಮ್ಮ ಬಿಡುಗಡೆ ಪತ್ರವನ್ನು ಊರಿನ ಕೌಂಟಿ ಕಚೇರಿಯಲ್ಲಿ ನೋಂದಾಯಿಸಿದ್ದರು. ಬೆಂಕಿ ಅದನ್ನು ಮುಟ್ಟಲಿಲ್ಲ. ಅದರಲ್ಲಿ ಪೂರ್ಣ ಸಂಖ್ಯೆ, ಸೇವೆ ಮಾಡಿದ ತುಕಡಿ, ಭಾಗವಹಿಸಿದ ಕಾರ್ಯಾಚರಣೆಗಳು ಎಲ್ಲ ಇರುತ್ತವೆ. ಹೆಲ್ಮೆಟ್ಟಿನ ಹೊರಗೆ ತುಕಡಿಯ ಚಿಹ್ನೆಯಿದ್ದರೆ ಇನ್ನೊಂದು ದಾರಿ ತೆರೆಯುತ್ತದೆ. ಸೇನೆಯ ಪ್ರತಿ ಕಂಪನಿಯೂ (ಸಣ್ಣ ತುಕಡಿ) ದಿನಾಲೂ ಬರೆಯುತ್ತಿದ್ದ ಮಾರ್ನಿಂಗ್ ರಿಪೋರ್ಟ್‌ಗಳು ಉಳಿದಿವೆ. ಸೇರಿದವರು, ಗಾಯಗೊಂಡವರು, ಆಸ್ಪತ್ರೆಗೆ ಹೋದವರ ಹೆಸರು ಸಂಖ್ಯೆಸಮೇತ ಅವುಗಳಲ್ಲಿ ಸಿಗುತ್ತವೆ. ಚಿಹ್ನೆಗೆ ಉದಾಹರಣೆಯಾಗಿ, ವಿಮಾನದಿಂದ ಇಳಿದು ಕಾದುವ 101ನೇ ಏರ್‌ಬೋರ್ನ್ ಡಿವಿಜನ್ನಿನಲ್ಲಿ 506ನೇ ರೆಜಿಮೆಂಟಿಗೆ ಇಸ್ಪೀಟಿನ ಸ್ಪೇಡ್, 502ನೆಯದಕ್ಕೆ ಹಾರ್ಟ್, 501ನೆಯದಕ್ಕೆ ಡೈಮಂಡ್, 327ನೆಯದಕ್ಕೆ ಕ್ಲಬ್ ಚಿಹ್ನೆ. ಪಕ್ಕದ ಸಣ್ಣ ಗೆರೆ ಗಡಿಯಾರದ 3ರ ಜಾಗದಲ್ಲಿದ್ದರೆ ಮೊದಲ ಬೆಟಾಲಿಯನ್, 6ರಲ್ಲಿ ಎರಡನೆಯದು, 9ರಲ್ಲಿ ಮೂರನೆಯದು. ನಕಲಿ ಬಣ್ಣ ಬಳಿಯುವವರಿಗೂ ಇದು ಬಾಯಿಪಾಠವಾಗಿರುವುದೇ ತೊಂದರೆ. ಹಳೆಯ ಗೀರು, ತುಕ್ಕಿನ ಮೇಲೆ ಬಣ್ಣ ಹರಿದಿದ್ದರೆ ಚಿಹ್ನೆ ಈಚಿನದು. ಗೀರು ಬಣ್ಣವನ್ನು ಸೀಳಿಕೊಂಡು ಹೋಗಿದ್ದರೆ ಹಳೆಯದಿರಬಹುದು.

ಬ್ರಿಟಿಷ್ ಹೆಲ್ಮೆಟ್ಟುಗಳಲ್ಲಿ ಕೆಲವೊಮ್ಮೆ ಪೂರ್ಣ ಸಂಖ್ಯೆಯೇ ಸಿಗುತ್ತದೆ, ಕೆಲಸ ಸುಲಭ. 1920ರಿಂದ ಒಂದೊಂದು ದಳಕ್ಕೂ ಸಂಖ್ಯೆಗಳ ಗೊತ್ತಾದ ವ್ಯಾಪ್ತಿಯಿತ್ತು: 721001ರಿಂದ 1842000ರವರೆಗೆ ರಾಯಲ್ ಆರ್ಟಿಲರಿ (ಫಿರಂಗಿ ದಳ), ಅಲ್ಲಿಂದ 2303000ರವರೆಗೆ ರಾಯಲ್ ಎಂಜಿನಿಯರ್ಸ್. ದಳ ಬದಲಾದರೂ ಸಂಖ್ಯೆ ಬದಲಾಗುತ್ತಿರಲಿಲ್ಲವಾದ್ದರಿಂದ ಅದು ಹೇಳುವುದು ಮೊದಲು ಸೇರಿದ ದಳವನ್ನು ಮಾತ್ರ. 1942ರ ನಂತರ ಸಾಮಾನ್ಯ ಭರ್ತಿಯವರಿಗೆ ಕೊಟ್ಟ 14ರಿಂದ ಶುರುವಾಗುವ ಎಂಟಂಕಿಯ ಸಂಖ್ಯೆಯಿಂದ ಅದೂ ತಿಳಿಯದು. ಮಡಿದವನಾಗಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಕೋಶದಲ್ಲಿ ಸಂಖ್ಯೆಯಿಂದಲೇ ಹುಡುಕಬಹುದು. ಬದುಕಿ ಬಂದವರು ಅದರಲ್ಲಿರುವುದಿಲ್ಲ. ಜರ್ಮನ್ ಹೆಲ್ಮೆಟ್ಟಿನಲ್ಲಿ ಉಕ್ಕಿಗೆ ಒತ್ತಿದ್ದು ಕಾರ್ಖಾನೆಯ ಸಂಕೇತ, ಅಳತೆ ಮತ್ತು ತಂಡದ ಸಂಖ್ಯೆ. ಉದಾಹರಣೆಗೆ ‘ಇಟಿ64’ ಎಂದರೆ ಥಾಲೆಯ ಕಾರ್ಖಾನೆ, 64ರ ಅಳತೆ. ಹೆಸರು ಸಿಕ್ಕರೆ ಹಿಂಬದಿಯ ಒಳ ಅಂಚಿನಲ್ಲಿ ಬಿಳಿ ಬಣ್ಣದಲ್ಲಿ ಅಥವಾ ಚರ್ಮದ ಮೇಲೆ ಸಿಗುತ್ತದೆ. ಬರೀ ‘ಮ್ಯೂಲರ್’ ಎಂಬಂಥ, ಜರ್ಮನಿಯಲ್ಲಿ ತೀರಾ ಸಾಮಾನ್ಯವಾದ ಮನೆತನದ ಹೆಸರಿದ್ದರೆ ಅಲ್ಲಿಗೆ ಬಿಡುವುದೇ ಪ್ರಾಮಾಣಿಕತೆ. ಹುಟ್ಟಿದ ದಿನಾಂಕವೋ ತುಕಡಿಯೋ ಗೊತ್ತಿದ್ದರೆ ಬರ್ಲಿನ್‌ನಲ್ಲಿರುವ ಜರ್ಮನ್ ಫೆಡರಲ್ ಪತ್ರಾಗಾರದ ವಿಭಾಗಕ್ಕೆ ಬರೆಯಬಹುದು. ಹಳೆಯ ಸೈನಿಕ ಮಾಹಿತಿ ಕಚೇರಿ 2019ರಿಂದ ಅದರಲ್ಲೇ ಸೇರಿದೆ. ಹೆಲ್ಮೆಟ್ ನೆಲದಿಂದ ಅಗೆದು ತೆಗೆದದ್ದಾಗಿ, ಜೊತೆಗೆ ಎಲುಬು ಕಂಡಿದ್ದರೆ ಮಾತ್ರ ಯಾವುದನ್ನೂ ಅಲುಗಿಸದೆ ಅಲ್ಲಿನ ಪೊಲೀಸರಿಗೆ ತಿಳಿಸಬೇಕು. ಎತ್ತಿ ಒರೆಸಿಟ್ಟರೆ ಕಾಣೆಯಾದ ಒಬ್ಬ ಸೈನಿಕನ ಗುರುತೇ ಅಳಿಸಿಹೋಗಬಹುದು.

ಕುಟುಂಬದವರಿಗೆ ಬರೆಯುವಾಗ ‘ಇದು ನಿಮ್ಮ ತಾತನವರದು’ ಎಂದು ಹೇಳಿಬಿಡಬಾರದು. ಒಮ್ಮೆ ಹೇಳಿದ ಮೇಲೆ ಅವರ ನೆನಪು ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ, ಸಾಕ್ಷ್ಯ ಕೆಡುತ್ತದೆ. ಅವರ ಸೇವಾ ಸಂಖ್ಯೆ, ತುಕಡಿ, ಫೋಟೊ ಇದ್ದರೆ ಕಳಿಸುವಿರಾ ಎಂದು ಮೊದಲು ಕೇಳಬೇಕು. ನೇರವಾಗಿ ಮನೆಬಾಗಿಲು ತಟ್ಟುವುದಕ್ಕಿಂತ ಆ ಊರಿನ ಗ್ರಂಥಾಲಯ ಅಥವಾ ಇತಿಹಾಸ ಸಂಘದ ಮೂಲಕ ಹೋಗುವುದು ವಾಸಿ.

ಕಡೆಯದಾಗಿ ಪತ್ರಿಕೆಯವರಲ್ಲಿ ಒಂದು ವಿನಂತಿ. ಇನ್ನು ಮುಂದೆ ಇಂಥ ಸುದ್ದಿ ಬಂದಾಗ ಹೆಲ್ಮೆಟ್ಟಿನ ಗುರುತನ್ನು ಪೂರ್ತಿ ಅಚ್ಚು ಹಾಕಬೇಡಿ. ಅಕ್ಷರ ಮತ್ತು ಮೊದಲ ಎರಡು ಅಂಕಿ ಇರಲಿ, ಉಳಿದೆರಡು ಫೋಟೊದಲ್ಲೂ ಮಸುಕಾಗಿರಲಿ. ತಮ್ಮದೆಂದು ಹೇಳಿಕೊಂಡು ಬರುವವರು ಆ ಎರಡು ಅಂಕಿಗಳನ್ನು ತಮ್ಮ ಮನೆಯ ಕಾಗದಪತ್ರ ನೋಡಿ ತಾವೇ ಹೇಳಲಿ.

ಇತಿ,
ಹಳೆಯ ಸೇನಾ ಸಾಮಗ್ರಿಗಳ ಸಂಗ್ರಾಹಕ